ಕಾವೇರಿಯ ಇಳಿಜಾರನ್ನು ಹಿಡಿದು: ತಲಕಾಡಿನಿಂದ ಮೇಕೆದಾಟಿಗೆ

ನದಿಯು ನೆಲವನ್ನು ಎಲ್ಲಿ ಕೊರೆಯುತ್ತದೆ, ಕೊರೆದು ತಂದುದನ್ನು ಎಲ್ಲಿ ಇಳಿಸುತ್ತದೆ ಎಂಬುದನ್ನು ಕಣ್ಣಾರೆ ನೋಡಬಯಸುವವರು ತಲಕಾಡು, ಶಿವನಸಮುದ್ರ ಮತ್ತು ಮೇಕೆದಾಟುಗಳನ್ನು ನೀರು ಹರಿಯುವ ಕ್ರಮದಲ್ಲಿಯೇ, ಒಂದೇ ಪ್ರವಾಸದಲ್ಲಿ ನೋಡಬೇಕೆಂದು ನನ್ನ ಸಲಹೆ. ಹೆಚ್ಚಿನವರು ಈ ತಾಣಗಳಿಗೆ ಬಿಡಿಬಿಡಿಯಾಗಿ ಹೋಗಿ ಬರುತ್ತಾರೆ. ಇಳಿಜಾರು ಬದಲಾದಂತೆ ಅದೇ ನೀರು ತನ್ನ ಕೆಲಸವನ್ನೂ ಬದಲಿಸುವುದು ಹಾಗೆ ನೋಡಿದರೆ ಗೊತ್ತಾಗುವುದಿಲ್ಲ.

ಮೈಸೂರಿನಿಂದ ಬೆಳಗ್ಗೆಯೇ ಹೊರಟು ಮೊದಲು ತಲಕಾಡನ್ನು ಸೇರಿಕೊಳ್ಳಿ, ಏಕೆಂದರೆ ಮಧ್ಯಾಹ್ನದ ಮರಳಿನಲ್ಲಿ ಬರಿಗಾಲಿನಿಂದ ನಡೆಯಲಾಗದು. ತಿರುಮಕೂಡಲು ನರಸೀಪುರದಲ್ಲಿ ಕಬಿನಿಯನ್ನು ಕೂಡಿಕೊಂಡು ಬರುವ ಕಾವೇರಿ ಇಲ್ಲಿ ಸಮತಟ್ಟಾದ ಬಯಲಿನಲ್ಲಿ ದೊಡ್ಡದಾಗಿ ಬಳಸಿ ಹರಿಯುತ್ತದೆ. ನದಿಯ ಯಾವುದೇ ತಿರುವಿನಲ್ಲಿ ಹೊರಬದಿಯ ನೀರು ವೇಗವಾಗಿ ಸಾಗಿ ದಂಡೆಯನ್ನು ಕೊರೆಯುತ್ತದೆ. ಒಳಬದಿಯ ನೀರು ನಿಧಾನಗೊಂಡು, ಹೊತ್ತು ತಂದ ಮರಳನ್ನು ಅಲ್ಲಿಯೇ ಬಿಡುತ್ತದೆ. ನೀರು ಇಳಿದಾಗ ಬಯಲಾದ ಮರಳನ್ನು ಗಾಳಿ ಎತ್ತಿ ದಿಬ್ಬಗಳಾಗಿ ಪೇರಿಸುತ್ತದೆ. ವಿಷ್ಣುವರ್ಧನನು ಚೋಳರನ್ನು ಗೆದ್ದ ನೆನಪಿಗೆ 12ನೆಯ ಶತಮಾನದಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಕಾಣುವುದಕ್ಕೆ ಈ ಮರಳೇ ಕಾರಣ. ಅಲಮೇಲಮ್ಮನ ಶಾಪದ ಕಥೆಯನ್ನು ಎಲ್ಲರೂ ಕೇಳಿ ಹೋಗುತ್ತಾರೆ. ಅದರ ಜೊತೆಗೆ ದಂಡೆಯವರೆಗೂ ನಡೆದು ತಿರುವನ್ನೂ ನೋಡಿ ಬರಬೇಕು.

ಅಲ್ಲಿಂದ ಶಿವನಸಮುದ್ರಕ್ಕೆ ಹೆಚ್ಚು ದೂರವಿಲ್ಲ. ನಿಧಾನವಾಗಿ ಬರುತ್ತಿದ್ದ ನದಿ ಇಲ್ಲಿ ನಡುಗಡ್ಡೆಯೊಂದನ್ನು ಬಳಸಿ ಕವಲೊಡೆದು, ಗಟ್ಟಿ ಶಿಲೆಯ ಅಂಚಿನಿಂದ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಮೈಸೂರು ಪ್ರಸ್ಥಭೂಮಿಯ ಮಟ್ಟದಿಂದ ಕಾವೇರಿ ಕೆಳಗಿಳಿಯುವುದು ಇಲ್ಲಿಯೇ. ಭರಚುಕ್ಕಿಯ ಎದುರು ನಿಂತಾಗ ನೀರು ಅಗಲವಾದ ಬಂಡೆಯ ಮೇಲೆ ಹಲವು ಎಳೆಗಳಾಗಿ ಹರಡಿ, ಬಂಡೆಯ ಬಿರುಕುಗಳನ್ನೇ ದಾರಿ ಮಾಡಿಕೊಂಡಿರುವುದನ್ನು ಗಮನಿಸಿ. 1902ರಿಂದ ಇಲ್ಲಿ ವಿದ್ಯುತ್ ಉತ್ಪಾದನೆ ನಡೆದಿದ್ದು, ಮೊದಲ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಅದಕ್ಕಾಗಿ ನೀರನ್ನು ಮೇಲಿನಿಂದಲೇ ತಿರುಗಿಸುವುದರಿಂದ ಬೇಸಿಗೆಯಲ್ಲಿ ಜಲಪಾತ ಬಹಳ ಸೊರಗುತ್ತದೆ.

ಶಿವನಸಮುದ್ರದಿಂದ ಮುಂದೆ ನದಿಯ ಜೊತೆಗೇ ಸಾಗುವ ರಸ್ತೆಯಿಲ್ಲ. ಮಳವಳ್ಳಿ, ಹಲಗೂರು, ಸಾತನೂರಿನ ಮೂಲಕ ಕನಕಪುರದ ಕಡೆಗೆ ಬಳಸಿ ಬಂದು, ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮವನ್ನು ತಲುಪಬೇಕು. ಆದ್ದರಿಂದ ಮಳವಳ್ಳಿಯಲ್ಲಾಗಲಿ ಕೊಳ್ಳೇಗಾಲದಲ್ಲಾಗಲಿ ರಾತ್ರಿ ತಂಗಿ, ಮೇಕೆದಾಟಿಗೆ ಪೂರ್ತಿ ಒಂದು ಹಗಲನ್ನು ಮೀಸಲಿಡುವುದು ಒಳಿತು. ಸಂಗಮದಲ್ಲಿ ನದಿಯನ್ನು ದಾಟಿ, ಆಚೆ ದಡದ ಕಚ್ಚಾರಸ್ತೆಯಲ್ಲಿ ಕೆಲವು ಕಿಲೋಮೀಟರ್ ಹೋಗಬೇಕಾಗುತ್ತದೆ.

ನನ್ನ ಮಟ್ಟಿಗೆ ಇಡೀ ಪ್ರವಾಸದ ಸಾರ ಇರುವುದು ಇಲ್ಲಿಯೇ. ತಲಕಾಡಿನಲ್ಲಿ ಅಷ್ಟು ಅಗಲವಾಗಿದ್ದ ನದಿ ಇಲ್ಲಿ ಕಲ್ಲಿನ ಇಕ್ಕಟ್ಟಿನೊಳಗೆ ಹುದುಗಿಕೊಂಡು, ಅಗಲವನ್ನು ಆಳಕ್ಕೆ ಬದಲಿಸಿಕೊಂಡಿದೆ. ಇಕ್ಕೆಲದ ಬಂಡೆಗಳಲ್ಲಿ ಬೊಗಸೆಯಷ್ಟು ಚಿಕ್ಕವುಗಳಿಂದ ಹಿಡಿದು ಮನುಷ್ಯ ನಿಲ್ಲುವಷ್ಟು ದೊಡ್ಡ ಕುಳಿಗಳವರೆಗೆ ಕಾಣಸಿಗುತ್ತವೆ. ಬಂಡೆಯ ಸಣ್ಣ ತಗ್ಗಿನಲ್ಲಿ ಸಿಕ್ಕಿಕೊಂಡ ಕಲ್ಲುಗಳು ಪ್ರವಾಹದ ಸುಳಿಯಲ್ಲಿ ಒರಳಿನ ಗುಂಡಿನಂತೆ ತಿರುಗಿ ತಿರುಗಿ, ತಗ್ಗನ್ನು ಆಳವಾಗಿಸುತ್ತಾ ತಾವೂ ನುಣುಪಾಗುತ್ತವೆ. ಅಂತಹ ಎರಡು ಕುಳಿಗಳ ನಡುವಿನ ಗೋಡೆ ಸವೆದು ಒಡೆದಾಗ ನೀರಿಗೆ ಹೊಸ ದಾರಿ ತೆರೆದುಕೊಳ್ಳುತ್ತದೆ. ಕೆಲವು ಕುಳಿಗಳ ತಳದಲ್ಲಿ ದುಂಡಗಿನ ಕಲ್ಲುಗಳು ಈಗಲೂ ಉಳಿದಿರುತ್ತವೆ. ದಯವಿಟ್ಟು ಅವನ್ನು ಎತ್ತಿಕೊಂಡು ಬರಬೇಡಿ, ಮುಂದಿನ ಪ್ರವಾಹದಲ್ಲಿ ಅವುಗಳಿಗೆ ಇನ್ನೂ ಕೆಲಸವಿದೆ.

ಕಾಲವನ್ನು ಆರಿಸುವಾಗ ಒಂದು ತೊಡಕಿದೆ. ಜಲಪಾತ ತುಂಬಿರುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮೇಕೆದಾಟಿನ ಕುಳಿಗಳು ನೀರಿನಡಿ ಮುಳುಗಿರುತ್ತವೆ; ಕುಳಿಗಳು ಚೆನ್ನಾಗಿ ಕಾಣುವ ಬೇಸಿಗೆಯಲ್ಲಿ ಜಲಪಾತ ಬತ್ತಿರುತ್ತದೆ. ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ ಎರಡನ್ನೂ ತಕ್ಕಮಟ್ಟಿಗೆ ನೋಡಬಹುದು. ಯಾವ ತಿಂಗಳಲ್ಲೇ ಹೋದರೂ ಮೇಕೆದಾಟಿನಲ್ಲಿ ನೀರಿಗೆ ಇಳಿಯಲೇಬಾರದು: ಮೇಲೆ ಶಾಂತವಾಗಿ ಕಾಣುವ ನೀರಿನಡಿಯಲ್ಲಿ ಸುಳಿಗಳಿವೆ, ಬಂಡೆಗಳು ಜಾರುತ್ತವೆ, ಅಲ್ಲಿ ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ಕನ್ನಂಬಾಡಿ ಅಥವಾ ಕಬಿನಿ ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟಿರುವ ಸುದ್ದಿಯಿದ್ದರೆ ಸಂಗಮವನ್ನು ದಾಟಲು ಆಗದಿರಬಹುದು; ಹೊರಡುವ ಹಿಂದಿನ ದಿನ ಅದನ್ನು ವಿಚಾರಿಸಿಕೊಂಡೇ ಹೊರಡಿ.