ಕಿಟ್ ಕಾರಲ್ಲಿ ಸ್ಟೇರಿಂಗ್ ಫುಲ್ ಕಟ್ ಎಲ್ಲಿಗೆ ನಿಲ್ಲಬೇಕು

ಲೋಟಸ್ ಸೆವೆನ್ ಥರದ ಪುಟ್ಟ ಸ್ಪೋರ್ಟ್ಸ್ ಕಾರನ್ನ ಮನೇಲೇ ಕಟ್ಟೋರಿಗೆ ಈ ತಲೆನೋವು ಹೆಚ್ಚುಕಮ್ಮಿ ಗ್ಯಾರಂಟಿ, ಎಲ್ಲಾ ಜೋಡಿಸಿ ಚಕ್ರ ಹಾಕಿ ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ಕಟ್ ಮಾಡಿದ್ರೆ ಟೈರ್ ಹೋಗಿ ಚಕ್ರವನ್ನ ಚಾಸಿಗೆ ಜೋಡಿಸೋ ಪೈಪಿನ ತೋಳು, ಅಂದ್ರೆ ವಿಶ್‌ಬೋನ್‌ಗೆ ಉಜ್ಜುತ್ತೆ. ಆಶ್ಚರ್ಯ ಏನಿಲ್ಲ ಬಿಡಿ. ಇಲ್ಲಿ ಇಂಗ್ಲೆಂಡಲ್ಲಿ, ಎಡಬಲಕ್ಕೆ ಓಡಿ ಚಕ್ರ ತಿರುಗಿಸೋ ಸ್ಟೇರಿಂಗ್ ರ‍್ಯಾಕ್ ಸಾಮಾನ್ಯವಾಗಿ ಹಳೇ ಫೋರ್ಡ್ ಎಸ್ಕಾರ್ಟ್ ಮಾರ್ಕ್ 2 ಮಾದರೀದು, ಚಕ್ರ ಬೇರೆ ಯಾವ್ದೋ ಕಾರಿಂದು, ಚಾಸಿ ಮನೆ ಶೆಡ್ಡಲ್ಲಿ ವೆಲ್ಡ್ ಆಗಿದ್ದು, ಇವು ಮೂರೂ ಒಂದಕ್ಕೊಂದು ಅಂತ ಹುಟ್ಟಿದ್ದೇ ಅಲ್ವಲ್ಲ.

ಇದಕ್ಕೆ ತುಂಬಾ ಜನ ಹೇಳೋದು, ಪಾರ್ಕಿಂಗಲ್ಲಿ ಮಾತ್ರ ತಾನೇ ಉಜ್ಜೋದು, ಬಿಟ್ಟಾಕು ಅಂತ. ನಾನು ಒಪ್ಪಲ್ಲ. ಟೈರನ್ನೇ ಸ್ಟಾಪರ್ ಮಾಡ್ಕೊಂಡ್ರೆ ಸೈಡ್‌ವಾಲ್ ಸವೆದು ಸವೆದು ಒಂದಿನ ಕೈ ಕೊಡುತ್ತೆ, ಆಮೇಲೆ ಇಲ್ಲಿ ರೋಡಿಗೆ ಇಳಿಯೋಕೆ ಮುಂಚೆ ಐವಿಎ (ಒಂದೊಂದೇ ಕಾರನ್ನ ನೋಡಿ ಒಪ್ಪಿಗೆ ಕೊಡೋ ಸರ್ಕಾರಿ ಪರೀಕ್ಷೆ) ಟೆಸ್ಟಲ್ಲಿ ಇನ್ಸ್‌ಪೆಕ್ಟರ್ ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡೇ ನೋಡ್ತಾರೆ, ಟೈರ್ ಎಲ್ಲಾದ್ರೂ ತಾಗಿದ್ರೆ ಅಲ್ಲಿಗೇ ಫೇಲ್. ಇದಕ್ಕಿಂತ ಭಯದ್ದು ಇನ್ನೊಂದಿದೆ. ರ‍್ಯಾಕ್ ಜಾಸ್ತಿ ಓಡಿದ್ರೆ ಟೈ ರಾಡೂ (ರ‍್ಯಾಕಿಂದ ಚಕ್ರದ ಕಡೆ ಹೋಗೋ ಸರಳು) ಸ್ಟೇರಿಂಗ್ ಆರ್ಮೂ (ಆ ಸರಳು ತಳ್ಳಿ ಎಳೆದು ಚಕ್ರ ತಿರುಗಿಸೋ ತೋಳು) ಒಂದೇ ನೇರಕ್ಕೆ ಬಂದ್ಬಿಡಬಹುದು, ಆ ಗೆರೆ ದಾಟಿದ್ರೆ ಚಕ್ರ ವಾಪಸ್ ಬರೋ ಬದಲು ಅಲ್ಲೇ ಕಚ್ಕೊಂಡು ಕೂರುತ್ತೆ. ಹಾಗೆ ಆಗೋ ಸಾಧ್ಯತೆ ಸ್ವಲ್ಪ ಇದ್ರೂ ಕಾರನ್ನ ಗೇಟಿಂದ ಆಚೆ ತರಬೇಡಿ.

ತೀರ್ಥಹಳ್ಳಿ ಕಡೆ ಜೀಪ್ ಇಟ್ಕೊಂಡಿರೋ ನಮ್ ಭಾವಂಗೆ ಫೋನಲ್ಲಿ ಹೇಳಿದ್ರೆ, "ಅದಕ್ಕೆಲ್ಲ ಯಾಕೆ ಒದ್ದಾಡ್ತೀಯ ಮಾರಾಯ, ನಕಲ್‌ಗೊಂದು ಬೋಲ್ಟ್ ವೆಲ್ಡ್ ಮಾಡ್ಸು" ಅಂದ್ರು. ನಕಲ್ ಅಂದ್ರೆ ಚಕ್ರ ಕೂರೋ, ಸ್ಟೇರಿಂಗ್ ಜೊತೆ ತಿರುಗೋ ಪಾರ್ಟ್. ಅವ್ರ ಲೆಕ್ಕಕ್ಕೆ ಅದು ಸರಿನೇ, ಹಳೇ ಮಹೀಂದ್ರ ಜೀಪಲ್ಲಿ ಆಕ್ಸಲ್ ತುದೀಲಿ ಹೆಚ್ಚುಕಮ್ಮಿ ಮಾಡ್ಕೊಳ್ಳೋಕೆ ಸ್ಟಾಪ್ ಬೋಲ್ಟ್ ಇರುತ್ತೆ. ಆದ್ರೆ ಅದು ಗಟ್ಟಿ ಆಕ್ಸಲ್, ನಮ್ದು ತೆಳು ಪೈಪಿನ ವಿಶ್‌ಬೋನ್, ಬೋಲ್ಟ್ ಹೋಗಿ ಅದಕ್ಕೆ ಗುದ್ದಿದ್ರೆ ಪೈಪ್ ಬಗ್ಗುತ್ತೆ, ಮೇಲಾಗಿ ಚಕ್ರ ಮೇಲೆ ಕೆಳಗೆ ಆದಂಗೆಲ್ಲ ತಾಗೋ ಜಾಗನೂ ಬದಲಾಗುತ್ತೆ. ಸ್ಟೇರಿಂಗಿಗೆ ಸೇರಿದ ಯಾವ ಪಾರ್ಟ್ ಮೇಲೂ ವೆಲ್ಡಿಂಗ್ ರಾಡ್ ಇಡಬೇಡಿ, ಅಷ್ಟೇ.

ನಿಲ್ಲಿಸಬೇಕಾಗಿರೋದು ರ‍್ಯಾಕ್ ಹತ್ರ. ರಬ್ಬರ್ ಬೂಟ್ ಹಿಂದಕ್ಕೆ ಸರಿಸಿದ್ರೆ ರ‍್ಯಾಕಿನ ಸರಳು, ಅದರ ತುದೀಲಿ ಒಳಗಿನ ಬಾಲ್ ಜಾಯಿಂಟು ಕಾಣುತ್ತೆ, ಫುಲ್ ಕಟ್ ಆದಾಗ ಈ ಜಾಯಿಂಟ್ ಬಂದು ರ‍್ಯಾಕ್ ಹೌಸಿಂಗಿನ ಬಾಯಿಗೆ ತಾಗಿ ನಿಲ್ಲೋದು. ಇವೆರಡರ ಮಧ್ಯೆ ಸರಳಿಗೆ ಬಳೆ ಥರ ಒಂದು ನೈಲಾನ್ ಸ್ಪೇಸರ್ ಕೂರಿಸಿದ್ರೆ ಅಷ್ಟು ಬೇಗ ನಿಲ್ಲುತ್ತೆ. ಸೀಳಿರೋ ಸ್ಪೇಸರನ್ನ ಕ್ಲಿಪ್ ಹಾಕಿ ಕೂರಿಸೋದು ಸುಲಭ, ಆದ್ರೆ ಬಿಚ್ಕೊಂಡು ಓರೆಯಾಗಿ ಸಿಕ್ಕಾಕೊಳ್ಳೋ ಚಾನ್ಸ್ ಇರೋದನ್ನ ಸ್ಟೇರಿಂಗಲ್ಲಿ ಯಾಕೆ ಇಡಬೇಕು, ಜಾಯಿಂಟ್ ಬಿಚ್ಚಿ ಸೀಳಿಲ್ಲದ ಇಡೀ ಬಳೆನೇ ಹಾಕಿ, ಜಾಯಿಂಟಿನ ಲಾಕಿಂಗ್ ಮೊದಲಿನಂಗೇ ಸರಿಯಾಗಿ ಮಾಡಿ. ಒಂದು ತಮಾಷೆ ಏನಂದ್ರೆ ರ‍್ಯಾಕ್ ಆಕ್ಸಲ್‌ಗಿಂತ ಮುಂದೆ ಇರೋ ಕಾರಲ್ಲಿ ಎಡಕ್ಕೆ ಕಟ್ ಮಾಡಿದಾಗ ತಡೆಯೋದು ಬಲಗಡೆ ಸ್ಪೇಸರ್, ಉಲ್ಟಾ ತಿಳ್ಕೊಂಡು ಅಳತೆ ತಗೊಂಡ್ರೆ ಕೆಲಸ ಎರಡು ಸಲ.

ಅಳತೆ ಹೀಗೆ ತಗೊಳ್ಳಿ. ಮೊದ್ಲು ರ‍್ಯಾಕನ್ನ ಸರಿಯಾಗಿ ಮಧ್ಯಕ್ಕೆ ತಂದು ಟೈ ರಾಡ್ ಎರಡೂ ಕಡೆ ಸಮ ಮಾಡ್ಕೊಳ್ಳಿ, ಆಮೇಲೆ ಕಾರನ್ನ ಸ್ಟ್ಯಾಂಡ್ ಮೇಲೆ ಕೂರಿಸಿ ಶಾಕ್ ಅಬ್ಸಾರ್ಬರಿಂದ ಸ್ಪ್ರಿಂಗ್ ತೆಗೆದು ಚಕ್ರದ ಕೆಳಗೆ ಜಾಕ್ ಕೊಡಿ, ಪೂರ್ತಿ ಕೆಳಗಿಂದ ಬಂಪ್ ಸ್ಟಾಪ್ (ಚಕ್ರ ಇನ್ನೂ ಮೇಲೇರದಂಗೆ ತಡೆಯೋ ರಬ್ಬರ್) ತನಕ ಎತ್ತುತ್ತಾ ಸ್ಟೇರಿಂಗ್ ತಿರುಗಿಸಿ. ತಿರುವಿನ ಒಳಗಡೆ ಚಕ್ರದ ಹಿಂಭಾಗ, ಹೊರಗಡೆ ಚಕ್ರದ ಮುಂಭಾಗ, ಇವೆರಡು ಒಳಕ್ಕೆ ಬರೋದು, ಕಣ್ಣು ಅಲ್ಲಿರಲಿ. ಅತಿ ಹತ್ರ ಬರೋ ಎತ್ತರ ಸಿಕ್ಕಿದ್ಮೇಲೆ ಟೈರಿಗೂ ಪೈಪಿಗೂ ಮಧ್ಯೆ ಬೆರಳಗಲ ಜಾಗ ಉಳಿಯೋ ಕಡೆ ನಿಲ್ಲಿಸಿ, ಯಾಕಂದ್ರೆ ಕಾರ್ ನೆಲಕ್ಕಿಳಿದ್ಮೇಲೆ ಟೈರ್ ಉಬ್ಬುತ್ತೆ, ಕೀಲುಗಳ ಬುಷ್ ಸ್ವಲ್ಪ ಜಗ್ಗುತ್ತೆ. ಈಗ ಜಾಯಿಂಟಿಗೂ ಹೌಸಿಂಗಿಗೂ ಮಧ್ಯೆ ಉಳಿದಿರೋ ಗ್ಯಾಪನ್ನ ವರ್ನಿಯರ್ ಕ್ಯಾಲಿಪರಲ್ಲಿ ಅಳೆದು ನೋಡಿ, ಅದೇ ಸ್ಪೇಸರ್ ಉದ್ದ. ಎರಡು ಕಡೆ ಬೇರೆ ಬೇರೆ ಬಂದ್ರೆ ದೊಡ್ಡದನ್ನೇ ಎರಡಕ್ಕೂ ಹಾಕಿ.

ಹಂಗಂತ ಕೈಗೆ ಬಂದಷ್ಟು ದಪ್ಪ ಹಾಕೋದಲ್ಲ. ಸ್ಟೇರಿಂಗ್ ಆರ್ಮ್ 120 ಮಿ.ಮೀ. ಇದ್ರೆ 5 ಮಿ.ಮೀ. ಸ್ಪೇಸರ್ ಸುಮಾರು ಎರಡೂವರೆ ಮೂರು ಡಿಗ್ರಿ ತಿನ್ನುತ್ತೆ. ವೀಲ್‌ಬೇಸ್ 2.25 ಮೀಟರ್ ಅಂದ್ಕೊಳ್ಳಿ, ಹೊರಚಕ್ರ 30 ಡಿಗ್ರಿ ತಿರುಗಿದ್ರೆ 9 ಮೀಟರ್ ವ್ಯಾಸದ ವೃತ್ತದಲ್ಲಿ ಕಾರ್ ತಿರುಗುತ್ತೆ, 27ಕ್ಕೆ ನಿಲ್ಲಿಸಿದ್ರೆ ಹತ್ತಿರ ಹತ್ತಿರ 10 ಮೀಟರ್. ಯೂ ಟರ್ನ್ ಹೋದ್ರೆ ಹೋಗ್ಲಿ, ಇದು ಹಗುರ ಕಾರು, ರೇರ್ ವೀಲ್ ಡ್ರೈವ್, ಒದ್ದೆ ರೋಡಲ್ಲಿ ಬಾಲ ಜಾರಿದಾಗ ಉಲ್ಟಾ ಸ್ಟೇರಿಂಗ್ ಕೊಡಬೇಕು, ಆಗ ಅರ್ಧಕ್ಕೇ ಸ್ಟಾಪ್ ಸಿಕ್ಕಿದ್ರೆ ಕಾರ್ ಸುತ್ಕೊಂಡು ಹೋಗುತ್ತೆ. ಅದಕ್ಕೇ ಸ್ಪೇಸರ್ ಕತ್ತರಿಸೋಕೆ ಮುಂಚೆ ಬೇರೆ ದಾರಿ ನೋಡಿ. ಟೈರ್ ಒಂದು ಸೈಜ್ ಸಣ್ಣದು ಹಾಕಬಹುದಾ, ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಇಲ್ಲಾ ಹೊರಗೆ ಕೂರುತ್ತೆ ಅನ್ನೋ ಅಳತೆ) ಬೇರೆ ಇರೋ ಚಕ್ರ ಸಿಗುತ್ತಾ. ಎಷ್ಟೋ ಸಲ ತಾಗ್ತಿರೋದು ಟೈರೇ ಅಲ್ಲ, ಚಕ್ರದ ಜೊತೆ ತಿರುಗೋ ಮಡ್‌ಗಾರ್ಡಿನ ಕಂಬಿ, ಅದನ್ನ ಒಂಚೂರು ಬಗ್ಗಿಸಿದ್ರೆ ಮುಗೀತು.

ಸ್ಪೇಸರ್ ಹಾಕಿದ್ಮೇಲೆ ಬೂಟ್ ಮುಚ್ಚಿ ಎರಡು ತುದೀಗೂ ತಿರುಗಿಸಿ, ರಬ್ಬರ್ ಮಡಚಿಕೊಂಡು ಸ್ಪೇಸರ್ ಮಧ್ಯೆ ಸಿಕ್ತಿದೆಯಾ ನೋಡಿ. ಬ್ರೇಕ್ ಹೋಸ್ ಕೂಡ ಅದೇ ಹೊತ್ತಲ್ಲಿ ನೋಡ್ಬಿಡಿ, ಚಕ್ರ ಪೂರ್ತಿ ಕೆಳಗೆ ಇಳಿದು ಫುಲ್ ಕಟ್ ಆದಾಗ ಅದು ಬಿಗಿಯಾಗಬಾರದು, ತಿರುಚಿಕೊಳ್ಳಬಾರದು, ಟೈರಿಗೂ ತಾಗಬಾರದು. ಬಿಗಿ ಆಗ್ತಿದ್ರೆ ಉದ್ದದ ಹೋಸ್ ತಗೊಳ್ಳಿ, ಅದಕ್ಕೋಸ್ಕರ ಸ್ಟೇರಿಂಗ್ ಇನ್ನಷ್ಟು ಕಮ್ಮಿ ಮಾಡೋಕೆ ಹೋಗಬೇಡಿ.