ಓವರ್‌ಕ್ಲಾಕಿಂಗ್‌ಗೆ ಐ5 ಅಥವಾ ಐ9: ಹೊಸ ಡೆಸ್ಕ್‌ಟಾಪ್‌ನ ಪ್ರಗತಿ ಟಿಪ್ಪಣಿ

ಹೊಸ ಡೆಸ್ಕ್‌ಟಾಪ್‌ಗೆ ಪ್ರೊಸೆಸರ್ ಆರಿಸುವ ಕೆಲಸ ಮುಗಿದಿದೆ. ಮೊದಲ ಹಂತದ ಓವರ್‌ಕ್ಲಾಕಿಂಗ್ (ಚಿಪ್ಪನ್ನು ಕಾರ್ಖಾನೆ ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು) ಕೂಡ ಒಂದು ನೆಲೆಗೆ ಬಂದಿದೆ. ಎಲ್‌ಜಿಎ1700 ಸಾಕೆಟ್‌ನ ಝಡ್790 ಮದರ್‌ಬೋರ್ಡ್ ಮೊದಲೇ ಕೈಯಲ್ಲಿದ್ದುದರಿಂದ ಆಯ್ಕೆ ಎರಡು ಚಿಪ್‌ಗಳ ನಡುವೆಯೇ ಉಳಿದಿತ್ತು: ಇಂಟೆಲ್‌ನ ಕೋರ್ ಐ5-14600ಕೆ ಮತ್ತು ಕೋರ್ ಐ9-14900ಕೆ. ಎರಡೂ 2023ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದವು, ಎರಡರಲ್ಲೂ ಮಲ್ಟಿಪ್ಲೈಯರ್ (ಮೂಲ ಕ್ಲಾಕನ್ನು ಗುಣಿಸಿ ಕೋರ್‌ನ ವೇಗ ನಿಗದಿಪಡಿಸುವ ಅಂಕಿ) ಲಾಕ್ ಆಗಿಲ್ಲ. ನಾನು ಐ5 ಅನ್ನು ಆರಿಸಿಕೊಂಡೆ. ಬೆಲೆಯ ಅಂತರ ದೊಡ್ಡದೇ ಆಗಿದ್ದರೂ, ನನ್ನನ್ನು ಒಪ್ಪಿಸಿದ್ದು ಬೆಲೆಯಲ್ಲ, ಶಾಖದ ಲೆಕ್ಕ.

ಈ ಹವ್ಯಾಸದಲ್ಲಿ ಮಧ್ಯಮ ದರ್ಜೆಯ ಚಿಪ್‌ಗಳಿಗೆ ಹಿಂದಿನಿಂದಲೂ ಗೌರವದ ಸ್ಥಾನವಿದೆ. 1998ರ 300 ಮೆಗಾಹರ್ಟ್ಸ್‌ನ ಸೆಲೆರಾನ್ 300ಎ ಚಿಪ್ಪಿನ ಬಸ್ (ಬೋರ್ಡಿನೊಂದಿಗಿನ ಸಂಪರ್ಕ ಮಾರ್ಗ) ವೇಗವನ್ನು 66 ಮೆಗಾಹರ್ಟ್ಸ್‌ನಿಂದ 100ಕ್ಕೆ ಏರಿಸಿದರೆ ಅದು 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು, ಅಂದರೆ ಶೇ. 50ರಷ್ಟು ಲಾಭ. 2011ರ ಐ5-2500ಕೆ 3.3 ಗಿಗಾಹರ್ಟ್ಸ್‌ನ ಮೂಲ ವೇಗದಿಂದ 4.5ಕ್ಕೆ ಹೆಚ್ಚಿನ ಶ್ರಮವಿಲ್ಲದೆ ಏರುತ್ತಿತ್ತು. ಅಂಥ ಅವಕಾಶ ಈಗ ಯಾವ ದರ್ಜೆಯಲ್ಲೂ ಉಳಿದಿಲ್ಲ, ಏಕೆಂದರೆ ತಯಾರಕರೇ ಟರ್ಬೊ ವೇಗದ ಹೆಸರಿನಲ್ಲಿ ಚಿಪ್ಪನ್ನು ಅದರ ಮಿತಿಯ ಹತ್ತಿರಕ್ಕೆ ತಂದು ಮಾರುತ್ತಿದ್ದಾರೆ. ಆದ್ದರಿಂದ ಎಷ್ಟು ಏರಿಸಬಹುದು ಎಂಬ ಪ್ರಶ್ನೆಗಿಂತ, ಏರಿಸುವವನನ್ನು ತಡೆಯುವುದು ಯಾವುದು ಎಂಬ ಪ್ರಶ್ನೆಯೇ ಈಗ ಮುಖ್ಯ ಎಂದು ನನಗನ್ನಿಸುತ್ತದೆ.

ಐ9ರಲ್ಲಿ ತಡೆಯುವುದು ಕೂಲರ್. ಅದರಲ್ಲಿ 8 ಪರ್ಫಾರ್ಮೆನ್ಸ್ (ವೇಗದ) ಕೋರ್‌ಗಳು, 16 ಎಫಿಷಿಯೆನ್ಸಿ (ಕಡಿಮೆ ವಿದ್ಯುತ್ತಿನ) ಕೋರ್‌ಗಳು. ಒಂದೆರಡು ಕೋರ್‌ಗಳಿಗೆ 6 ಗಿಗಾಹರ್ಟ್ಸ್, ಎಲ್ಲ ಪರ್ಫಾರ್ಮೆನ್ಸ್ ಕೋರ್‌ಗಳಿಗೂ ಸೇರಿ 5.7. ಆದರೆ ಎಲ್ಲ ಕೋರ್‌ಗಳಿಗೂ ಕೆಲಸ ಕೊಟ್ಟಾಗ 253 ವ್ಯಾಟ್‌ನ ಮಿತಿಯೊಳಗೆ ಆ 5.7 ನಿಲ್ಲುವುದಿಲ್ಲ, ಮಿತಿಯನ್ನು ತೆಗೆದುಹಾಕಿದರೆ ಬಳಕೆ 300 ವ್ಯಾಟ್ ದಾಟುತ್ತದೆ. ಐ5ರಲ್ಲಿ 6 ಮತ್ತು 8 ಕೋರ್‌ಗಳು, 181 ವ್ಯಾಟ್‌ನ ಮಿತಿ, ಪರ್ಫಾರ್ಮೆನ್ಸ್ ಕೋರ್‌ಗಳಿಗೆ 5.3 ಗಿಗಾಹರ್ಟ್ಸ್. ಎರಡಕ್ಕೂ ಬಳಸುವ ಸಿಲಿಕಾನ್ ಮೂಲತಃ ಒಂದೇ, ಐ5ರಲ್ಲಿ ಕೆಲವು ಕೋರ್‌ಗಳನ್ನು ನಿಷ್ಕ್ರಿಯಗೊಳಿಸಿರುತ್ತಾರೆ. ಅಷ್ಟೇ ದೊಡ್ಡ ತುಣುಕಿನಲ್ಲಿ ಕಡಿಮೆ ಕೋರ್‌ಗಳು ಬಿಸಿಯಾಗುವುದರಿಂದ ಕೂಲರ್‌ಗೆ ಸುಧಾರಿಸಿಕೊಳ್ಳಲು ಅವಕಾಶ ಸಿಗುತ್ತದೆ. ಬಳ್ಳಾರಿಯಲ್ಲಿರುವ ನನಗೆ ಇದು ದೊಡ್ಡ ವಿಷಯ. ಕೋಣೆಯ ಉಷ್ಣತೆ 25 ಡಿಗ್ರಿ ಇದ್ದಾಗ ಮಾಡಿದ ಪರೀಕ್ಷೆಯ ಅಂಕಿಗಳಿಗೆ ಇಲ್ಲಿನ ಏಪ್ರಿಲ್ ತಿಂಗಳು ಹತ್ತು ಹನ್ನೆರಡು ಡಿಗ್ರಿಗಳನ್ನು ಹೆಚ್ಚುಕಡಿಮೆ ನೇರವಾಗಿ ಸೇರಿಸಿಬಿಡುತ್ತದೆ. ಚಿಪ್ಪಿನ 100 ಡಿಗ್ರಿಯ ಮಿತಿ ಮಾತ್ರ ಇದ್ದಲ್ಲೇ ಇರುತ್ತದೆ. 360 ಮಿಲಿಮೀಟರ್‌ನ ಲಿಕ್ವಿಡ್ ಕೂಲರ್ ಇಲ್ಲದೆ ಐ9 ಅನ್ನು ಓವರ್‌ಕ್ಲಾಕ್ ಮಾಡುವುದು ಇಲ್ಲಿ ಅರ್ಥವಿಲ್ಲದ ಪ್ರಯತ್ನ. ನನ್ನಲ್ಲಿರುವುದು ಎರಡು ಫ್ಯಾನ್‌ಗಳ ಜೋಡಿ ಟವರ್ ಏರ್ ಕೂಲರ್.

ವೋಲ್ಟೇಜಿನ ವಿಷಯವನ್ನೂ ಹೇಳಲೇಬೇಕು. 13 ಮತ್ತು 14ನೆಯ ತಲೆಮಾರಿನ (ನಾನು ಹೋಲಿಸಿದ ಎರಡೂ 14ನೆಯವು) ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಕಾಣಿಸಿಕೊಂಡ ಅಸ್ಥಿರತೆಗೆ, ಕೋರ್‌ನೊಳಗೆ ಕ್ಲಾಕ್ ಸಂಕೇತವನ್ನು ಹಂಚುವ ಕ್ಲಾಕ್ ಟ್ರೀ ಸರ್ಕ್ಯೂಟ್ ಹೆಚ್ಚಿನ ವೋಲ್ಟೇಜ್ ಮತ್ತು ಶಾಖದಲ್ಲಿ ಬೇಗ ಸವೆಯುವುದೇ ಮೂಲ ಎಂದು ಇಂಟೆಲ್ 2024ರಲ್ಲಿ ವಿವರಿಸಿತು; ಆಗಸ್ಟ್‌ನ ಮೈಕ್ರೋಕೋಡ್ (ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್ ಮೂಲಕ ಬರುವ ಚಿಪ್ಪಿನ ಒಳ ಸೂಚನೆಗಳು) 1.55 ವೋಲ್ಟ್ ಮೀರಿದ ಬೇಡಿಕೆಗಳಿಗೆ ಕಡಿವಾಣ ಹಾಕಿತು, ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬಂದಿತು. ಐ5 ಇದರಿಂದ ಪೂರ್ತಿ ಹೊರತಲ್ಲ. ಆದರೆ 6 ಗಿಗಾಹರ್ಟ್ಸ್ ಮುಟ್ಟಲು ಐ9 ಕೇಳುವಷ್ಟು ವೋಲ್ಟೇಜನ್ನು 5.3ಕ್ಕೆ ನಿಲ್ಲುವ ಚಿಪ್ ಕೇಳಬೇಕಾದ ಸಂದರ್ಭವೇ ಬರುವುದಿಲ್ಲ. ಹಳೆಯ ಬಯೋಸ್ ಇರುವ ಬೋರ್ಡಿಗೆ ಈ ಚಿಪ್‌ಗಳನ್ನು ಹಾಕುವವರು ಬಯೋಸ್ ನವೀಕರಣವನ್ನು ಎಲ್ಲಕ್ಕಿಂತ ಮೊದಲು ಮಾಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಐ9ರ ಪರವಾಗಿಯೂ ನ್ಯಾಯವಾದ ಮಾತಿದೆ. ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚಿನ ವೇಗ ಕೊಡುವ ಉತ್ತಮ ಸಿಲಿಕಾನ್ ತುಣುಕುಗಳನ್ನು ಆರಿಸಿ ಐ9 ದರ್ಜೆಗೆ ಮೀಸಲಿಡುತ್ತಾರೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರ್ ಮಾಡುವವರಿಗೆ ಐ9ರ 32 ಥ್ರೆಡ್‌ಗಳ (ಏಕಕಾಲದಲ್ಲಿ ನಡೆಯುವ ಕೆಲಸದ ಎಳೆಗಳು) ಮುಂದೆ ನನ್ನ ಯಾವ ಓವರ್‌ಕ್ಲಾಕ್ ಕೂಡ ಲೆಕ್ಕಕ್ಕಿಲ್ಲ.

ಈಗ ನನ್ನ ಯಂತ್ರದ ಸ್ಥಿತಿ. ಪರ್ಫಾರ್ಮೆನ್ಸ್ ಕೋರ್‌ಗಳು 5.5 ಗಿಗಾಹರ್ಟ್ಸ್, ಎಫಿಷಿಯೆನ್ಸಿ ಕೋರ್‌ಗಳು 4.2, ಭಾರದ ಕೆಲಸದಲ್ಲಿ ಎಚ್‌ಡಬ್ಲ್ಯುಇನ್ಫೋ ಎಂಬ ಮಾಪನ ತಂತ್ರಾಂಶ ತೋರಿಸುವ ವೋಲ್ಟೇಜ್ 1.24. ಕೋಣೆಯಲ್ಲಿ 29 ಡಿಗ್ರಿ ಇದ್ದಾಗ ಸಿನಿಬೆಂಚ್ ಆರ್23 ಪರೀಕ್ಷೆಯನ್ನು ಅರ್ಧ ಗಂಟೆ ಓಡಿಸಿದರೆ ಉಷ್ಣತೆ 84 ಡಿಗ್ರಿಗೆ ನಿಲ್ಲುತ್ತದೆ. ಬೇಸಿಗೆಗೆ ಬೇಕಾದ ಅಂತರ ಇದರಲ್ಲಿ ಉಳಿಯುತ್ತದೆ. 5.6 ಕೂಡ ಸಾಧ್ಯವಾಯಿತು, ಆದರೆ ಅದು 1.34 ವೋಲ್ಟ್ ಕೇಳಿತು. ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೂ ವೇಗಕ್ಕೂ ಅನುಪಾತದಲ್ಲಿ ಏರುವುದರಿಂದ, ಶೇ. 2ಕ್ಕೂ ಕಡಿಮೆ ವೇಗಕ್ಕಾಗಿ ಸುಮಾರು ಶೇ. 19ರಷ್ಟು ಹೆಚ್ಚು ವಿದ್ಯುತ್ ತೆರಬೇಕಾಗುತ್ತದೆ. ಅಷ್ಟಾದ ಮೇಲೂ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಹಾರ್ಡ್‌ವೇರ್ ದೋಷದ ನಮೂದುಗಳು ಕಾಣಿಸಿಕೊಳ್ಳುತ್ತಿದ್ದವು. ಯಂತ್ರ ನಿಂತುಹೋಗದಿದ್ದರೂ ಅಂಥ ನಮೂದು ಒಂದು ಬಂದರೂ ನಾನು ಆ ವೇಗವನ್ನು ಸ್ಥಿರ ಎಂದು ಪರಿಗಣಿಸುವುದಿಲ್ಲ.

ಕಾರ್ಖಾನೆಯ ವೇಗಕ್ಕೆ ಹೋಲಿಸಿದರೆ ಸಿಕ್ಕಿರುವುದು ಶೇ. 4ರಷ್ಟೂ ಅಲ್ಲ. ಆದರೆ ಬೋರ್ಡಿನ ಸ್ವಯಂಚಾಲಿತ ವೋಲ್ಟೇಜನ್ನು ನಂಬದೆ, ಲೋಡ್‌ಲೈನ್ (ಭಾರ ಬಿದ್ದಾಗ ವೋಲ್ಟೇಜ್ ಎಷ್ಟು ಇಳಿಯಬೇಕೆಂಬ ಸೆಟ್ಟಿಂಗ್) ಮಟ್ಟವನ್ನು ಒಂದೊಂದಾಗಿ ಬದಲಿಸಿ, ಪ್ರತಿ ಹಂತದಲ್ಲೂ ಅಳೆದು ಗೊತ್ತುಪಡಿಸಿದ ವೇಗ ಇದು. ಭಾರದ ಕೆಲಸದಲ್ಲೂ ಕುಸಿಯದೆ ಹಾಗೇ ನಿಲ್ಲುತ್ತದೆ. ತಡೆಯುವುದು ಕೂಲರ್ ಅಲ್ಲದೆ ಸಿಲಿಕಾನ್ ಆದಾಗ ಮಾತ್ರ ಇಂಥ ಕೆಲಸಕ್ಕೆ ಅವಕಾಶವಿರುತ್ತದೆ, ಮತ್ತು ನನಗೆ ಈ ಹವ್ಯಾಸ ಪ್ರಿಯವಾಗಿರುವುದೂ ಅದೇ ಕಾರಣಕ್ಕೆ.

ಇದೇ ಸಾಕೆಟ್‌ನಲ್ಲಿ ಇನ್ನೂ ಅಗ್ಗದ ದಾರಿ ಹುಡುಕುವವರು ಬಿ760 ಬೋರ್ಡನ್ನು ಕೊಳ್ಳುವ ಮುನ್ನ ಗಮನಿಸಬೇಕು: ಅದರಲ್ಲಿ ಮೆಮೊರಿಯ ವೇಗ ಏರಿಸಬಹುದೇ ಹೊರತು ಕೆ ಸರಣಿಯ ಪ್ರೊಸೆಸರ್‌ನ ಮಲ್ಟಿಪ್ಲೈಯರ್ ಮುಟ್ಟಲಾಗದು. ಎಎಮ್‌ಡಿಯ ಬಿ650 ಬೋರ್ಡುಗಳಲ್ಲಿ ಈ ನಿರ್ಬಂಧವಿಲ್ಲ, ಅಲ್ಲಿ ರೈಜೆನ್ 5 7600ರಂಥ ಚಿಪ್ಪನ್ನೂ ಓವರ್‌ಕ್ಲಾಕ್ ಮಾಡಬಹುದು.

ಮುಂದಿನ ಹಂತ ಮೆಮೊರಿಯದು. ಡಿಡಿಆರ್5-6000 ಮಾಡ್ಯೂಲ್‌ಗಳು ಸದ್ಯ ಎಕ್ಸ್‌ಎಂಪಿ ಪ್ರೊಫೈಲ್‌ನಲ್ಲೇ (ತಯಾರಕರು ಮೊದಲೇ ಸಿದ್ಧಪಡಿಸಿದ ವೇಗದ ಸೆಟ್ಟಿಂಗ್) ಇವೆ. ಅವುಗಳನ್ನು 6400ಕ್ಕೆ ಏರಿಸಿ ವೈ-ಕ್ರಂಚರ್ ಎಂಬ ಒತ್ತಡ ಪರೀಕ್ಷೆಯ ತಂತ್ರಾಂಶದಲ್ಲಿ ಪರೀಕ್ಷಿಸುವವರೆಗೆ ಪ್ರೊಸೆಸರ್‌ನ ಯಾವ ಮೌಲ್ಯವನ್ನೂ ಬದಲಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಕದಲಿಸಿದರೆ ದೋಷ ಬಂದಾಗ ಅದು ಯಾವುದರಿಂದ ಬಂತೆಂದು ಹೇಳಲಾಗುವುದಿಲ್ಲ.