ಕೆಡದೆ ಉಳಿದ ಹಳೇ ಪದ್ಮಿನಿ: ಮಾಡಿಫೈ ಮಾಡಿಸುವುದೋ, ಹಾಗೇ ಇಡುವುದೋ?

ಹಳೇ ಕಾರುಗಳ ವಿಷಯ ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ತಾತನ ಕಾಲದ ಫಿಯಟ್ ಅಥವಾ ಪ್ರೀಮಿಯರ್ ಪದ್ಮಿನಿ ಮನೆಯ ಶೆಡ್ಡಿನಲ್ಲಿದೆ. ಇಲ್ಲವೇ ಒಬ್ಬರೇ ಮಾಲೀಕರು ಜೋಪಾನ ಮಾಡಿದ ಗಾಡಿಯೊಂದು ಮಾರಾಟಕ್ಕೆ ಬಂದಿದೆ. ಬಾಡಿ ಗಟ್ಟಿಯಾಗಿದೆ, ಬಣ್ಣ ಕಂಪನಿಯದೇ, ಎಂಜಿನ್ ನಂಬರ್ ಆರ್‌ಸಿಯಲ್ಲಿರುವುದೇ. ಇದಕ್ಕೆ ಹೊಸ ಕಾಲದ ಎಂಜಿನ್, ಎ.ಸಿ., ಡಿಸ್ಕ್ ಬ್ರೇಕ್, ಅಲಾಯ್ ವೀಲ್ ಹಾಕಿಸಿ ದಿನಾ ಓಡಿಸೋಣವೇ, ಹೇಗಿದೆಯೋ ಹಾಗೇ ಇಡೋಣವೇ?

ನನ್ನ ಉತ್ತರ: ಮೊದಲು ಅದು ಕಾರ್ಖಾನೆಯಿಂದ ಬಂದಾಗ ಹೇಗೆ ಓಡುತ್ತಿತ್ತೋ ಹಾಗೆ ಓಡುವಂತೆ ಮಾಡಿ, ಆಮೇಲೆ ನಿರ್ಧರಿಸಿ. ಮಾಡಿಫೈ ಮಾಡಿಸಬೇಕು ಅನ್ನಿಸುವುದಕ್ಕೆ ಜನ ಕೊಡುವ ಕಾರಣಗಳಲ್ಲಿ ಹೆಚ್ಚಿನವು ಆ ಕಾರಿನ ವಿನ್ಯಾಸದ ದೋಷಗಳಲ್ಲ, ಮೂವತ್ತು ನಲವತ್ತು ವರ್ಷಗಳ ಸವೆತ. ಸ್ಟಿಯರಿಂಗ್ ಭಾರ, ಬ್ರೇಕ್ ಹಿಡಿಯುವುದಿಲ್ಲ, ಘಾಟಿಯಲ್ಲಿ ಎಂಜಿನ್ ಕಾದು ಬಿಸಿಯಾಗುತ್ತದೆ, ರಾತ್ರಿ ಲೈಟು ಸಾಲದು, ಹ್ಯಾಂಡ್ ಗೇರ್ (ಸ್ಟಿಯರಿಂಗ್ ಪಕ್ಕದಲ್ಲಿರುವ ಗೇರ್ ಹಿಡಿ) ಸರಿಯಾಗಿ ಬೀಳುವುದಿಲ್ಲ. ಒಂದೊಂದಕ್ಕೂ ಬಾಡಿ ಕತ್ತರಿಸದೆ ಮಾಡುವ ರಿಪೇರಿ ಇದೆ.

ಕಾರಿನ ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1964ರಿಂದ ಫಿಯಟ್ 1100 ಡಿಲೈಟ್ ಮಾಡುತ್ತಿತ್ತು. ಅದೇ ಗಾಡಿ 1972ರ ಹೊತ್ತಿಗೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಎಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75 ಮಿ.ಮೀ., 1089 ಸಿಸಿ, ಸುಮಾರು 40 ಅಶ್ವಶಕ್ತಿ. ಬ್ಲಾಕ್ ಬೀಡು ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಪಟ್ಟಿ ಸ್ಪ್ರಿಂಗ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮುಖ್ಯವಾದ ಮಾತೆಂದರೆ ಇದಕ್ಕೆ ಲಾರಿ, ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಫ್ಲೋರನ್ನೋ ಬಾನೆಟ್ ಹಿಂದಿನ ಗೋಡೆಯನ್ನೋ ಕತ್ತರಿಸಿದರೆ ಇಡೀ ಗಾಡಿಯ ಬಿಗಿಯೇ ಕಡಿಮೆಯಾಗುತ್ತದೆ. ಬಾಗಿಲು ಕೂರುವುದಿಲ್ಲ, ವಿಂಡ್‌ಶೀಲ್ಡ್ ಮೂಲೆಯಲ್ಲಿ ಬಿರುಕು ಬರುತ್ತದೆ.

ಎಂಜಿನ್ ಬದಲಿಸುವ ಯೋಚನೆಯನ್ನು ಮೊದಲು ಬದಿಗಿಡೋಣ. ಮಾರುತಿ 800, ಝೆನ್, ಎಸ್ಟೀಮ್ ಎಂಜಿನ್‌ಗಳು ಅಡ್ಡಲಾಗಿ ಕೂತು ಮುಂದಿನ ಚಕ್ರ ಓಡಿಸುವಂಥವು, ಪದ್ಮಿನಿಗೆ ನೇರವಾಗಿ ಆಗುವುದಿಲ್ಲ. ಗ್ಯಾರೇಜಿನವರು ಹುಡುಕುವುದು ಉದ್ದಕ್ಕೆ ಕೂರುವ, ಮಾರುತಿ ಜಿಪ್ಸಿಯಂಥ ಎಂಜಿನ್ನನ್ನು. ಎಂಪಿಎಫ್‌ಐ (ಕಾರ್ಬುರೇಟರ್ ಇಲ್ಲದೆ ಪೆಟ್ರೋಲ್ ಚಿಮ್ಮಿಸುವ) ಜಿಪ್ಸಿಯದು ಸುಮಾರು 80 ಅಶ್ವಶಕ್ತಿ. 40ಕ್ಕೆಂದು ಮಾಡಿದ ಹಿಂದಿನ ಆ್ಯಕ್ಸಲ್ ಮೇಲೆ ಅದರ ಎರಡರಷ್ಟು ಶಕ್ತಿ ಬೀಳುತ್ತದೆ. ಮೊದಲು ಆ್ಯಕ್ಸಲಿನೊಳಗಿನ ಪಿನಿಯನ್ (ಚಿಕ್ಕ ಹಲ್ಲುಚಕ್ರ) ಬೇರಿಂಗ್ ಕೂಗಲು ಶುರುಮಾಡುತ್ತದೆ, ಆಮೇಲೆ ಕ್ರೌನ್ (ದೊಡ್ಡ ಹಲ್ಲುಚಕ್ರ) ಹಲ್ಲು ಹೋಗುತ್ತದೆ. ಎಂಜಿನ್ ಮೌಂಟಿಂಗ್ ಹೊಸದಾಗಿ ವೆಲ್ಡ್ ಆಗಬೇಕು. ಹಿಂದಿನ ಆ್ಯಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಿಸಿ ಬ್ಯಾಲೆನ್ಸ್ ಮಾಡಿಸಬೇಕು, ಇಲ್ಲದಿದ್ದರೆ 60 ಕಿ.ಮೀ. ದಾಟಿದ ಮೇಲೆ ಇಡೀ ಗಾಡಿ ನಡುಗುತ್ತದೆ. ಗೇರ್ ಬಾಕ್ಸಿಗಾಗಿ ಫ್ಲೋರಿನ ನಡುವಿನ ಟನಲ್ (ಉಬ್ಬು) ಕತ್ತರಿಸಬೇಕು. ಸ್ಪೀಡೊಮೀಟರ್ ತಪ್ಪು ತೋರಿಸುತ್ತದೆ. ಇಷ್ಟಾದ ಮೇಲೂ ನಿಲ್ಲಿಸಲು ಇರುವುದು 40 ಅಶ್ವಶಕ್ತಿಗೆ ಸಾಕಾಗಿದ್ದ ಡ್ರಮ್ಮುಗಳೇ.

ಕಾನೂನೂ ಸಡಿಲವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೂ ಆರ್‌ಸಿಗೂ ತಾಳೆಯಾಗದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಸ್ಪಷ್ಟಪಡಿಸಿತು. ಎಂಜಿನ್ ಬದಲಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಲೇಬೇಕು. ಬರೆಸದ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆಯವರು ಮೊದಲು ಎತ್ತುವ ತಕರಾರು ಅದೇ.

ಇನ್ನೊಂದು ನಿಯಮ ಇನ್ನೂ ಹಲವರಿಗೆ ಗೊತ್ತಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಮುಂತಾದ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು, ದಿನಬಳಕೆಗಿಲ್ಲ. ಹಾಗಾಗಿ ಎಲ್ಲರಿಗೂ ಇದು ಬೇಕೆಂದೇನಿಲ್ಲ. ಆದರೆ 1974ರ ಮೊದಲ ಪದ್ಮಿನಿಗಳು ಈಗಾಗಲೇ ಐವತ್ತು ದಾಟಿವೆ, ಉಳಿದವು ಒಂದೊಂದಾಗಿ ದಾಟುತ್ತಿವೆ. ಇವತ್ತು ಕತ್ತರಿಸಿದ ಗಾಡಿಗೆ ನಾಳೆ ಈ ಬಾಗಿಲು ತೆರೆಯುವುದಿಲ್ಲ.

ಈಗ ರಿಪೇರಿಗೆ ಬರೋಣ. ಬ್ರೇಕಿನಿಂದಲೇ ಶುರುಮಾಡಬೇಕು.

ನಾಲ್ಕೂ ಡ್ರಮ್ ಬಿಚ್ಚಿಸಿ. ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿದಾಗ ಒಳಗೆ ಒದ್ದೆ ಕಂಡರೆ ಸಿಲಿಂಡರ್ ಸೋರುತ್ತಿದೆ ಎಂದರ್ಥ. ಶೂ ಮೇಲಿನ ಉಜ್ಜುವ ಪದರಕ್ಕೆ, ಅಂದರೆ ಲೈನಿಂಗಿಗೆ, ಹೊಸದು ಹಾಕಿದ ಮೇಲೂ ಬ್ರೇಕ್ ಹಿಡಿಯುತ್ತಿಲ್ಲವಾದರೆ ಲೈನಿಂಗಿನ ಮೇಲೆ ಉದ್ದಕ್ಕೂ ಸೀಮೆಸುಣ್ಣ ಸವರಿ, ಡ್ರಮ್ ಕೂರಿಸಿ, ಮೆಲ್ಲಗೆ ಬ್ರೇಕ್ ಒತ್ತಿ ಚಕ್ರ ತಿರುಗಿಸಿ, ಮತ್ತೆ ಬಿಚ್ಚಿ ನೋಡಿ. ನಡುವೆ ಮಾತ್ರ ಸುಣ್ಣ ಅಳಿಸಿದ್ದರೆ ಶೂ ಮತ್ತು ಡ್ರಮ್ಮಿನ ಬಾಗು ಹೊಂದಿಲ್ಲ. ಡ್ರಮ್ಮನ್ನು ಲೇತಿಗೆ ಕೊಟ್ಟು ತಿರುಗಿಸಿದ್ದರೆ ಅದರ ವ್ಯಾಸ ದೊಡ್ಡದಾಗಿರುತ್ತದೆ, ಅದಕ್ಕೆ ತಕ್ಕಂತೆ ಲೈನಿಂಗನ್ನೂ ಉಜ್ಜಿ ಬಾಗು ಹೊಂದಿಸಬೇಕು. ಬಹಳ ಕಡೆ ಈ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಡಿಸ್ಕ್ ಹಾಕಿಸಿ ಎನ್ನುತ್ತಾರೆ.

ಬ್ರೇಕ್ ಬಿಟ್ಟ ಮೇಲೂ ಗಾಡಿ ಒಂದು ಕಡೆ ಎಳೆಯುತ್ತಿದ್ದರೆ ರಬ್ಬರ್ ಹೋಸ್ ಒಳಗಡೆ ಊದಿಕೊಂಡಿರುತ್ತದೆ. ಹೊರಗಿಂದ ನೋಡಿದರೆ ಏನೂ ಕಾಣದು. ಹಿಂದಿನದು, ಮುಂದಿನದು ಎಲ್ಲ ಹೋಸ್‌ಗಳನ್ನೂ ಒಟ್ಟಿಗೇ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಹೊಸದು ಹಾಕಬೇಕು. ಹಳೇ ಗಾಡಿಗಳಲ್ಲಿ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಸರ್ಕ್ಯೂಟಿನದು. ಒಂದು ಚಕ್ರದಲ್ಲಿ ಪೈಪ್ ಒಡೆದರೆ ನಾಲ್ಕಕ್ಕೂ ಬ್ರೇಕ್ ಇಲ್ಲ. ಗಾಡಿಯನ್ನು ಘಟ್ಟದಲ್ಲಿ ಓಡಿಸುವವರು ಎರಡು ಸರ್ಕ್ಯೂಟಿನ ಸಿಲಿಂಡರ್ ಹಾಕಿಸಿಕೊಂಡರೆ ನಾನು ಖಂಡಿತ ಒಪ್ಪುತ್ತೇನೆ, ಬ್ರಾಕೆಟ್ ಮೇಲೆ ಕೂರಿಸಿ ಹಳೆಯದನ್ನು ಎತ್ತಿಡಬೇಕು ಅಷ್ಟೆ. ಡಿಸ್ಕೇ ಬೇಕೆಂದರೆ ಮಾಸ್ಟರ್ ಸಿಲಿಂಡರ್ ಕೂಡ ಬದಲಾಗಬೇಕು. ಡ್ರಮ್ಮಿಗೆಂದು ಲೈನಿನಲ್ಲಿ ಉಳಿಸುವ ಒತ್ತಡ ಡಿಸ್ಕ್ ಪ್ಯಾಡನ್ನು ಸದಾ ಒತ್ತಿ ಹಿಡಿದು ಕಾಯಿಸುತ್ತದೆ.

ಎಂಜಿನ್ ಕಾಯುವ ಸಮಸ್ಯೆಗೆ ಬಂದರೆ, ನಮ್ಮ ಕಡೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ತೆಗೆದು ಬಿಸಾಡುವ ರೂಢಿ ಇದೆ. ಅದಿಲ್ಲದಿದ್ದರೆ ಎಂಜಿನ್ ಬೆಳಿಗ್ಗೆ ಬಹಳ ಹೊತ್ತು ತಣ್ಣಗೇ ಓಡಿ ಬೋರ್ ಬೇಗ ಸವೆಯುತ್ತದೆ. ಕಾಯುವುದಕ್ಕೆ ನಿಜವಾದ ಕಾರಣ ಸಾಮಾನ್ಯವಾಗಿ ರೇಡಿಯೇಟರಿನಲ್ಲಿ ಕಟ್ಟಿದ ಸುಣ್ಣ. ಬೋರ್‌ವೆಲ್ ನೀರು ಹಾಕಿದ ಗಾಡಿಗಳಲ್ಲಿ ಕೋರಿನ ಎಷ್ಟೋ ಕೊಳವೆಗಳು ಮುಚ್ಚಿಹೋಗಿರುತ್ತವೆ. ಹೊಸ ಕೋರ್ ಹಾಕಿಸಿ, ಥರ್ಮೋಸ್ಟಾಟ್ ಮರಳಿ ಕೂರಿಸಿ, ಬರೀ ನೀರಿನ ಬದಲು ಕೂಲಂಟ್ ತುಂಬಿಸಿ. ಹೆಡ್ ಅಲ್ಯೂಮಿನಿಯಂ ಆದ್ದರಿಂದ ಬರೀ ನೀರು ನೀರಿನ ದಾರಿಗಳ ಅಂಚನ್ನು ತಿನ್ನುತ್ತದೆ, ಅಲ್ಲಿಂದ ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹೋಗುತ್ತದೆ. ಒಮ್ಮೆ ಜೋರಾಗಿ ಕಾದ ಹೆಡ್ ಬಾಗಿರುತ್ತದೆ. ನೇರ ಪಟ್ಟಿ ಇಟ್ಟು, ಸಂದು ಅಳೆಯುವ ಫೀಲರ್ ಗೇಜ್ ಹಾಕಿ ನೋಡದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಬಹುಕಾಲ ಬಾಳದು.

ಬೇಸಿಗೆಯಲ್ಲಿ ಸಿಗ್ನಲಿನಲ್ಲಿ ನಿಂತು ಆಫ್ ಆದ ಫಿಯಟ್ ಮತ್ತೆ ಸ್ಟಾರ್ಟ್ ಆಗದಿರುವುದು ಬೇರೆಯೇ ಕಾಯಿಲೆ. ಎಂಜಿನ್ನಿಗೆ ಅಂಟಿಕೊಂಡಿರುವ ಪೆಟ್ರೋಲ್ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿರುತ್ತದೆ. ಅದಕ್ಕೇ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು. ಪೆಟ್ರೋಲ್ ಹೋಸನ್ನು ಎಕ್ಸಾಸ್ಟಿನಿಂದ ದೂರ ಕಟ್ಟಿ, ನಡುವೆ ತಗಡಿನ ಮರೆ ಕೊಟ್ಟರೆ ಬಹುಪಾಲು ಸರಿಹೋಗುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಕುವುದಾದರೆ 2ರಿಂದ 3 ಪಿಎಸ್‌ಐ ಒತ್ತಡದ್ದು ಮಾತ್ರ. ಎಂಪಿಎಫ್‌ಐ ಗಾಡಿಯ ಪಂಪು 40 ಪಿಎಸ್‌ಐ ಮೀರಿ ಒತ್ತುತ್ತದೆ, ಕಾರ್ಬುರೇಟರಿನ ಸೂಜಿ ಅದನ್ನು ತಡೆಯಲಾರದು, ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತದೆ.

ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಈ ಕಾರಿನ ರಬ್ಬರುಗಳು ಅದಕ್ಕೆಂದು ಮಾಡಿದವಲ್ಲ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಎಲ್ಲ ಹೋಸ್‌ಗಳನ್ನೂ ಎಥನಾಲ್ ತಡೆಯುವ ಬಗೆಗೆ ಬದಲಿಸಿ, ಮೇಲೆ ‘ಎಸ್‌ಎಇ ಜೆ30 ಆರ್9’ ಎಂದು ಅಚ್ಚಾಗಿರಬೇಕು. ಪಂಪಿನ ಡಯಾಫ್ರಮ್, ಕಾರ್ಬುರೇಟರ್ ಕಿಟ್ ಕೂಡ ಹೊಸದಾಗಲಿ. ಸ್ಪಾರ್ಕ್ ಪ್ಲಗ್ಗಿನ ತುದಿ ತಿಳಿಗಂದು ಇರುವ ಬದಲು ಬೆಳ್ಳಗಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ಟನ್ನು ಒಂದು, ಹೆಚ್ಚೆಂದರೆ ಎರಡು ಮೆಟ್ಟಿಲು ದೊಡ್ಡದು ಮಾಡಿ ನೋಡಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ, ಏಕೆಂದರೆ ಎಥನಾಲ್ ನೀರು ಸೆಳೆದು ಒಳಗೆ ಬಿಳಿ ಪುಡಿ ಕಟ್ಟಿಸುತ್ತದೆ.

ಲೈಟಿನ ಮಂಕು ಬಲ್ಬಿನದಲ್ಲ. ಎರಡು 55 ವಾಟ್ ಬಲ್ಬಿಗೆ ಸುಮಾರು 9 ಆ್ಯಂಪಿಯರ್ ಬೇಕು, ಅಷ್ಟೂ ಹಳೇ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟ್ ಮೂಲಕ ಬರುತ್ತದೆ. ಲೈಟ್ ಹೊತ್ತಿಸಿ ಬಲ್ಬಿನ ಹಿಂದೆ ಮೀಟರ್ ಹಿಡಿದರೆ 10 ಚಿಲ್ಲರೆ ವೋಲ್ಟ್ ತೋರಿಸುವುದು ಸಾಮಾನ್ಯ. ಹೈ, ಲೋ ಎರಡಕ್ಕೂ ಒಂದೊಂದು ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್) ಹಾಕಿ, ಬ್ಯಾಟರಿಯಿಂದ 15 ಆ್ಯಂಪಿಯರ್ ಫ್ಯೂಸ್ ಮೂಲಕ 2.5 ಚದರ ಮಿ.ಮೀ. ತಂತಿ ಎಳೆಯಿರಿ. ಹಳೇ ಹೆಡ್‌ಲೈಟ್ ತಂತಿ ರಿಲೇಗೆ ಸೂಚನೆ ಕೊಡುವ ಕೆಲಸ ಮಾತ್ರ ಮಾಡಲಿ. ಮೂಲ ವೈರಿಂಗಿನ ಒಂದು ತಂತಿಯನ್ನೂ ಕತ್ತರಿಸಬೇಕಿಲ್ಲ.

ಸ್ಟಿಯರಿಂಗ್ ಭಾರವಾದರೆ ಮುಂದಿನ ಚಕ್ರ ಹೊರಳುವ ಕೀಲಾದ ಕಿಂಗ್‌ಪಿನ್‌ಗೆ ಗ್ರೀಸ್ ಹೋಗುತ್ತಿದೆಯೇ ನೋಡಿ, ಗ್ರೀಸ್ ನಿಪ್ಪಲ್ ಒಣಗಿ ಮುಚ್ಚಿರುತ್ತದೆ. ಹ್ಯಾಂಡ್ ಗೇರ್ ಸಡಿಲವಾಗಿದ್ದರೆ ಕಡ್ಡಿಗಳ ಬುಷ್ ಬದಲಿಸಿ, ಅವುಗಳ ಉದ್ದ ಹೊಂದಿಸಿದರೆ ಸಾಕು. ಇಷ್ಟಕ್ಕಾಗಿ ಟನಲ್ ಕೊರೆದು ಫ್ಲೋರ್ ಗೇರ್ ಮಾಡಿಸಿದ ಗಾಡಿಗಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸೀಟ್ ಬೆಲ್ಟ್ ಒಂದಕ್ಕೆ ಮಾತ್ರ ತೂತು ಕೊರೆಯಲು ಹಿಂಜರಿಯಬೇಡಿ. ತಗಡಿನ ಕೆಳಗೆ ದಪ್ಪ ಉಕ್ಕಿನ ಬಿಲ್ಲೆ ಕೊಟ್ಟು, ಬೆಲ್ಟಿಗೆಂದೇ ಬರುವ 7/16 ಇಂಚಿನ ಬೋಲ್ಟ್ ಹಾಕಿ. ಬರೀ ವಾಷರ್ ಹಾಕಿದರೆ ಅಪಘಾತದ ಹೊಡೆತಕ್ಕೆ ತಗಡು ಹರಿದು ಬೋಲ್ಟ್ ಕಿತ್ತು ಬರುತ್ತದೆ.

ಎ.ಸಿ. ಬಗ್ಗೆ ನನ್ನ ಮನಸ್ಸು ಒಪ್ಪುವುದಿಲ್ಲ. 40ರಲ್ಲಿ ಕಂಪ್ರೆಸರ್ ಮೂರ್ನಾಲ್ಕು ಅಶ್ವಶಕ್ತಿ ತಿಂದರೆ ಏರಿನಲ್ಲಿ ಗೇರ್ ಇಳಿಸಲೇಬೇಕು. ರೇಡಿಯೇಟರ್ ಮುಂದೆ ಇನ್ನೊಂದು ಬಿಸಿ ಜಾಲರಿ ಬಂದು ಗಾಳಿ ತಡೆಯುತ್ತದೆ. ಡೈನಮೊ ಇರುವ ಗಾಡಿಯಲ್ಲಂತೂ ಐಡಲಿನಲ್ಲಿ ಚಾರ್ಜೇ ಇರುವುದಿಲ್ಲ.

ಇನ್ನು ಬಣ್ಣ. ಒಳ್ಳೆಯ ಗಾಡಿಗಳನ್ನು ಮಾಡಿಫಿಕೇಶನ್ನಿಗಿಂತ ಹೆಚ್ಚಾಗಿ ಕೆಡಿಸುವುದು ‘ಫುಲ್ ರೆಸ್ಟೊರೇಶನ್’. ಮಾಲೀಕರು ಅದನ್ನು ಸಂರಕ್ಷಣೆ ಎಂದೇ ನಂಬಿ ಮಾಡಿಸುತ್ತಾರೆ. ಕಂಪನಿಯ ಬಣ್ಣ ಮಂಕಾಗಿದೆ ಎಂದು ಬೇರ್ ಬಾಡಿ ಮಾಡಿಸಿ (ಬಣ್ಣವನ್ನೆಲ್ಲ ತಗಡಿನವರೆಗೆ ಕೆರೆಸಿ) ಹೊಳೆಯುವ ಹೊಸ ಬಣ್ಣ ಹೊಡೆಸಿದರೆ, ಮೂಲ ಬಣ್ಣದ ಛಾಯೆ, ಬಾನೆಟ್ ಒಳಗಿನ ಸ್ಟಿಕರ್, ಕಾರ್ಖಾನೆಯ ಸ್ಪಾಟ್ ವೆಲ್ಡ್ ಗುರುತು ಎಲ್ಲವೂ ಒಂದೇ ಏಟಿಗೆ ಹೋಗುತ್ತವೆ. ಮತ್ತೆ ತರಲಾಗದು. ಪುಟ್ಟಿ ಹಾಕುವಾಗ ಪೇಂಟರುಗಳು ಬಾಗಿಲಿನ ಕೆಳಗಿನ, ಹೊಸ್ತಿಲಿನಂಥ ಸಿಲ್ಲಿನ ನೀರು ಹರಿಯುವ ತೂತುಗಳನ್ನು ಮುಚ್ಚಿಬಿಡುತ್ತಾರೆ. ಎರಡು ಮಳೆಗಾಲದಲ್ಲಿ ಒಳಗಿಂದ ತುಕ್ಕು ಹೊರಬರುತ್ತದೆ. ಇಡೀ ಗಾಡಿಗೆ ಹೊಡೆಸದೆ, ತಗಡು ಕಾಣುವ ಗೀರುಗಳಿಗಷ್ಟೇ ಟಚಪ್ ಮಾಡಿ. ಉಳಿದದ್ದಕ್ಕೆ ತೊಳೆತ, ಒಮ್ಮೆ ಹಗುರ ಪಾಲಿಶ್, ಮೇಣ ಸಾಕು. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಅಡಿಭಾಗಕ್ಕೆ ದಪ್ಪ ರಬ್ಬರ್ ಕೋಟಿಂಗ್ ಹೊಡೆಸುವ ಮುನ್ನ ಯೋಚಿಸಬೇಕು. ತುಕ್ಕಿನ ಮೇಲೆ ಹೊಡೆದರೆ ಉಪ್ಪುನೀರು ಅದರಡಿ ಸಿಕ್ಕಿಕೊಂಡು ತಗಡು ತಿನ್ನುತ್ತದೆ. ಮೊದಲು ತುಕ್ಕು ಕೆರೆದು ಪ್ರೈಮರ್ ಹೊಡೆಸಿ, ಸಿಲ್ಲಿನ ಒಳಗೆ ಮೇಣದ ಸ್ಪ್ರೇ ಬಿಡುವುದು ಲೇಸು. ಬ್ಯಾಡ್ಜು, ಹಿಡಿಕೆಗಳಂಥ ಸತು ಬೆರೆತ ಎರಕದ ತುಣುಕುಗಳನ್ನು ಸಿಕ್ಕಸಿಕ್ಕಲ್ಲಿ ಕ್ರೋಮಿಗೆ ಕೊಡಬೇಡಿ, ಆಸಿಡ್ ತೊಟ್ಟಿಯಲ್ಲಿ ಅಕ್ಷರಗಳ ಅಂಚೇ ಕರಗಿಹೋಗುತ್ತದೆ.

ಬಿಚ್ಚಿದ್ದನ್ನು ಗುಜರಿಗೆ ಹಾಕಬೇಡಿ. ಡೈನಮೊ, ಇಗ್ನಿಷನ್ನಿನ ಪಾಯಿಂಟ್ ಸೆಟ್, ಹಳೇ ಬೀಡಿಂಗ್, ತಂತಿಯ ಬಣ್ಣ ಬರೆದ ಚೀಟಿ, ಎಲ್ಲವನ್ನೂ ಡಬ್ಬಿಯಲ್ಲಿಡಿ, ತುಕ್ಕು ಹಿಡಿಯುವ ಲೋಹದ ಭಾಗಗಳಿಗೆ ಎಣ್ಣೆ ಸವರಿ. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ನಿಂತವು. ಬಿಡಿಭಾಗಗಳಿಗಿದ್ದ ದೊಡ್ಡ ಬೇಡಿಕೆ ಅವುಗಳದೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದಲ್ಲೋ ಇವತ್ತು ಸಿಕ್ಕಿದ್ದು ಇನ್ನೈದು ವರ್ಷಕ್ಕೆ ಸಿಗುತ್ತದೆಂದು ನಂಬಿ ಕೂರಬೇಡಿ.

ಇಷ್ಟೆಲ್ಲ ಕೇಳಿಯೂ ಮಾಡಿಫೈಡ್ ಪದ್ಮಿನಿಯೇ ಬೇಕು ಎನ್ನುವವರಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಅಂಥವರು ಫ್ಲೋರ್ ಈಗಾಗಲೇ ಕೊಳೆತ, ಎಂಜಿನ್ ನಂಬರ್ ಬದಲಾಗಿ ಆರ್‌ಸಿಯಲ್ಲಿ ದಾಖಲಾದ, ಯಾರೋ ಟನಲ್ ಕತ್ತರಿಸಿಟ್ಟ ಗಾಡಿಯನ್ನು ಕೊಳ್ಳಲಿ. ಕಡಿಮೆ ಬೆಲೆಗೂ ಸಿಗುತ್ತದೆ. ಅದರಲ್ಲಿ ಮೊದಲ ದುಡ್ಡು ತಗಡಿನ ವೆಲ್ಡಿಂಗಿಗೆ, ಎರಡನೆಯದು ಬ್ರೇಕಿಗೆ, ಮೂರನೆಯದು ಹಿಂದಿನ ಆ್ಯಕ್ಸಲಿಗೆ ಹೋಗಲಿ. ಎಂಜಿನ್ ಅದಾದ ಮೇಲೆ, ಅದೂ ಆರ್‌ಟಿಒ ಅನುಮತಿ ಕೈಗೆ ಬಂದ ಮೇಲೆ.